ತೊಂಬತ್ತು ಎಂಬಿಯ ರಸ್ತೆ

“ಏಳು ಜಿಬಿ! ಏ ತಮನ್ನಾ, ಇದನ್ನ ಕಳ್ಸಾಕ ಫೋನ್ ಸಾಲಂಗಿಲ್ಲವ್ವ. ಲಾರಿ ಬೇಕು, ಲಾರಿ!”

ಹೊನ್ನೂರಸ್ವಾಮಿ ತನ್ನ ತಿರುಗುವ ಕುರ್ಚಿಯಲ್ಲಿ ಒಂದು ಸುತ್ತು ಪೂರ್ತಿ ಸುತ್ತಿ ಬಂದು ಮತ್ತೊಮ್ಮೆ ಕಂಪ್ಯೂಟರ್ ನೋಡಿದ. ಏಳು ಜಿಬಿ ಇನ್ನೂ ಏಳು ಜಿಬಿಯೇ ಆಗಿತ್ತು.

ತಮನ್ನಾ ನಗಲಿಲ್ಲ. ಶಾಲೆಯ ಬ್ಯಾಗನ್ನು ಬೆನ್ನಿನಿಂದ ಇಳಿಸದೆ ಮೇಜಿನ ಪಕ್ಕ ನಿಂತಿದ್ದಳು. ಅಬ್ಬಾನ ಫೋನು ವೈರು ಚುಚ್ಚಿಸಿಕೊಂಡು ಕಂಪ್ಯೂಟರಿನ ಮುಂದೆ ಮಲಗಿತ್ತು.

“ಬರೇ ಇಪ್ಪತ್ತು ನಿಮಿಷದ್ದು ಅಣ್ಣಾ.”

“ಇಪ್ಪತ್ತು ನಿಮಿಷನ ಇರ್ಲಿ, ಫೋರ್‌ಕೆದಾಗ ಹಿಡಿದಿಯಲ್ಲ! ಅದು ಥೇಟರ್ ಪರದಿಗೆ ಹಾಕೋವಂಥದ್ದು. ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ. ಸೆಟ್ಟಿಂಗ್‌ನಾಗ ಎಲ್ಲಾದಕ್ಕಿಂತ ಮ್ಯಾಲ ಅದೇ ಇತ್ತು. ಮ್ಯಾಲಿಂದು ಚೊಲೊ ಇರ್ತೈತಿ ಅಂತ ಒತ್ತಿದೆ.”

ಹೊನ್ನೂರಸ್ವಾಮಿ ಮದುವೆ ವಿಡಿಯೊ ಮಾಡುವವನು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಎಲ್ಲಿ ಮದುವೆ ಇದ್ದರೂ ಅವನ ಕ್ಯಾಮೆರಾ ಇರುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿರುವ ಅವನ ಸ್ಟುಡಿಯೊಗೂ ತಮನ್ನಾಳ ಅಬ್ಬಾನ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಈಚೆ ಸ್ಪ್ಯಾನರ್ ಬಿದ್ದರೆ ಆಚೆ ಗೋಡೆಯ ಮೇಲಿನ ಮದುಮಕ್ಕಳೆಲ್ಲ ಅಲ್ಲಾಡುತ್ತಾರೆ.

ಶಾಲೆ ಬಿಟ್ಟ ಮೇಲೆ, ಅಬ್ಬಾ ಗ್ಯಾರೇಜಿನ ಷಟರ್ ಎಳೆಯುವ ತನಕ, ತಮನ್ನಾ ಈ ಎರಡು ಅಂಗಡಿಗಳ ನಡುವೆ ಓಡಾಡಿಕೊಂಡಿರಬೇಕು. ಮೊದಲಾದರೆ ಇಬ್ಬರಿದ್ದರು. ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಅವಳೊಬ್ಬಳೇ.

ಇನ್ನೊಬ್ಬಳೆಂದರೆ ಶೈಲಾ.

ಇಬ್ಬರ ಮನೆಯೂ ತಂಬ್ರಹಳ್ಳಿಯಲ್ಲಿ, ಪಕ್ಕಪಕ್ಕದಲ್ಲೇ. ಶಾಲೆ ಮಾತ್ರ ಹಗರಿಬೊಮ್ಮನಹಳ್ಳಿಯಲ್ಲಿ. ಒಂದನೇ ಕ್ಲಾಸಿನಿಂದ ಇಬ್ಬರೂ ಅಬ್ಬಾನ ಬೈಕಿನಲ್ಲೇ ಹೋಗಿ ಬಂದವರು. ಅಬ್ಬಾನ ಬೆನ್ನಿಗೆ ಅಂಟಿಕೊಂಡು ಶೈಲಾ, ಶೈಲಾಳ ಹಿಂದೆ ತಮನ್ನಾ. ಬೈಕಿನ ಮೇಲೆ ಮೂವರು ಕೂರಬಾರದಲ್ಲ ಎಂದು ಯಾರಾದರೂ ಕೇಳಿದರೆ ಅಬ್ಬಾ, “ಎರಡು ಸಣ್ಣ ಹುಡುಗ್ಯಾರು ಕೂಡಿದ್ರ ಒಬ್ಬ ದೊಡ್ಡ ಮನುಷ್ಯಾ ಆಗ್ತಾನ್ರಿ,” ಎನ್ನುತ್ತಿದ್ದರು.

ಮನೆಯಲ್ಲಿ ಅಬ್ಬಾ, ಅಮ್ಮಿ, ತಮನ್ನಾ ಮಾತಾಡುವುದು ಉರ್ದು. ಆದರೆ ಬೈಕಿನ ಮೇಲೆ ಶೈಲಾ ಇರುತ್ತಿದ್ದಳಲ್ಲ, ಹಾಗಾಗಿ ಬೈಕಿನ ಮೇಲೆ ಕನ್ನಡ. ಅದು ಹಾಗೇ ರೂಢಿಯಾಗಿಬಿಟ್ಟಿತ್ತು. ಕಿಕ್ ಹೊಡೆದ ಕೂಡಲೇ ಅಬ್ಬಾನ ಬಾಯಲ್ಲಿ ಕನ್ನಡವೇ ಬರುತ್ತಿತ್ತು.

ಶೈಲಾಳ ಅಪ್ಪ ಲೈನ್‌ಮನ್. ದಸರಾ ರಜೆಯಲ್ಲಿ ಅವರಿಗೆ ಹರಪನಹಳ್ಳಿಗೆ ವರ್ಗವಾಯಿತು. ಟ್ರಂಕು, ಮಂಚ, ಟಿವಿ, ಶೈಲಾ, ಎಲ್ಲವನ್ನೂ ಒಂದೇ ಟೆಂಪೊದಲ್ಲಿ ಏರಿಸಿಕೊಂಡು ಹೊರಟುಹೋದರು.

ಮೊದಮೊದಲು ಶೈಲಾ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಆಮೇಲೆ ಭಾನುವಾರ ಮಾತ್ರ. ಆಮೇಲೆ ಒಂದು ಭಾನುವಾರ ಬಿಟ್ಟುಹೋಯಿತು. ಆ ದಿನ ತಮನ್ನಾ ಅಬ್ಬಾನ ಫೋನನ್ನು ಚಾರ್ಜಿಗೆ ಹಾಕಿ ಅದರ ಪಕ್ಕದಲ್ಲೇ ಕೂತು ಹೋಮ್‌ವರ್ಕ್ ಮಾಡಿದಳು. ಹೋಮ್‌ವರ್ಕ್ ಮುಗಿಯಿತು, ಚಾರ್ಜೂ ತುಂಬಿತು, ಫೋನ್ ಬರಲಿಲ್ಲ.

ಅದರ ಮುಂದಿನ ಭಾನುವಾರ ಬಂತು. ಬಂದಾಗ ಶೈಲಾ ಹೇಳಿದ್ದು ಒಂದೇ ಮಾತು.

“ತಮನ್ನಾ, ನಮ್ಮ ಸ್ಕೂಲ್ ರಸ್ತಿ ನೋಡಂಗ ಆಗೈತಿ. ಬೈಕ್ ಮ್ಯಾಲಿಂದ ವಿಡಿಯೊ ಮಾಡಿ ಕಳ್ಸಲೇ.”

ಅಷ್ಟು ಸಾಕಾಗಿತ್ತು. ಈ ವಿಡಿಯೊ ಸರಿಯಾಗಿ ಹೋದರೆ ಶೈಲಾ ಮತ್ತೆ ಮೊದಲಿನ ಹಾಗೆ ಫೋನ್ ಮಾಡುತ್ತಾಳೆ ಎಂದು ತಮನ್ನಾಳಿಗೆ ಗಟ್ಟಿಯಾಗಿ ಅನಿಸಿತು. ಮಂಗಳವಾರ ಬೆಳಿಗ್ಗೆ ಹಳೇ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಬ್ಬಾನ ಎದೆಗೆ ಫೋನ್ ಬಿಗಿದು ಕಟ್ಟಿದಳು. ಅಬ್ಬಾ ಎರಡೂ ಕೈ ಮೇಲೆತ್ತಿ, ಟೇಲರ್ ಮುಂದೆ ಅಳತೆ ಕೊಡುವವರ ಹಾಗೆ ನಿಂತಿದ್ದರು.

ಆ ವಿಡಿಯೊ ಈಗ ಏಳು ಜಿಬಿಯಾಗಿ ಕೂತಿತ್ತು.

“ಯಾರಿಗೆ ಕಳ್ಸೋದು?” ಹೊನ್ನೂರಸ್ವಾಮಿ ಕೇಳಿದ.

“ಶೈಲಾಗ.”

“ಒಬ್ಬಾಕಿಗೇನಾ? ಇಷ್ಟು ಚೊಲೊ ಹಿಡಿದೀರಿ, ಒಬ್ಬಾಕಿ ನೋಡಿದ್ರ ಏನು ಬಂತು? ತಡಿ, ರೀಲ್ ಮಾಡ್ತೀನಿ. ನನ್ನ ಪೇಜಿನಾಗ ಹಾಕಿದ್ರ ಶೈಲಾನೂ ನೋಡ್ತಾಳ, ಇಡೀ ಹರಪನಹಳ್ಳಿನೂ ನೋಡ್ತೈತಿ!”

ತಮನ್ನಾ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಮೌಸು ಓಡತೊಡಗಿತ್ತು.

“ನೋಡು, ಮಂದಿ ಮೊಬೈಲ್ ನೆಟ್ಟಗ ಹಿಡಿದು ನೋಡ್ತಾರ. ಅಡ್ಡ ವಿಡಿಯೊ ಹಾಕಿದ್ರ ಬೆರಳಿಲೆ ಸರಿಸಿ ಮುಂದ ಹೋಗ್ತಾರ. ಅದಕ್ಕ ಎರಡೂ ಬಾಜು ಕತ್ತರಿಸಿ ಒಗಿಬೇಕು.” ಚಿತ್ರದ ಎಡಬದಿ, ಬಲಬದಿ ಎರಡೂ ಕಾಣದಾದವು. “ಇಪ್ಪತ್ತು ನಿಮಿಷ ಯಾರು ನೋಡ್ತಾರ? ಮೂವತ್ತು ಸೆಕೆಂಡ್ ಸಾಕು.” ರಸ್ತೆ ತುಂಡು ತುಂಡಾಯಿತು. ಆಮೇಲೆ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹುಬ್ಬೇರಿಸಿದ.

“ಇದರಾಗ ನಿಮ್ಮಪ್ಪ ಏನೋ ವಟವಟ ಅಂತಾರಲ್ಲ?”

ತಮನ್ನಾಳಿಗೆ ನಾಚಿಕೆಯಾಯಿತು. ಬೈಕ್ ಹತ್ತಿದರೆ ಅಬ್ಬಾ ಹೆಲ್ಮೆಟ್ಟಿನೊಳಗೇ ಏನಾದರೂ ಅನ್ನುತ್ತಲೇ ಇರುತ್ತಾರೆ. ಶೈಲಾ ನಡುವೆ ಕೂತಾಗ “ಹೌದು ಚಾಚಾ, ಇಲ್ಲ ಚಾಚಾ” ಎಂದು ಅವಳೇ ಏನೋ ಉತ್ತರ ಕೊಡುತ್ತಿದ್ದಳು. ತಮನ್ನಾ ಹಿಂದೆ ಕೂತು ಹೊಲ, ಗಿಡ ನೋಡುತ್ತಿದ್ದಳು. ಈಗ ಶೈಲಾ ಇಲ್ಲದಿದ್ದರೂ ಅಬ್ಬಾನ ಮಾತು ನಿಂತಿಲ್ಲ. ಅರ್ಧ ಮಾತನ್ನು ಗಾಳಿಯೇ ಹೊತ್ತುಕೊಂಡು ಹೋಗುತ್ತದೆ.

“ಅದು... ಅಬ್ಬಾ ಇಂಜಿನ್ ಜೋಡಿ ಮಾತಾಡ್ತಾರ. ತೆಗೆದುಬಿಡ್ರಿ ಅಣ್ಣಾ.”

“ಮೆಕ್ಯಾನಿಕ್ ಅಲ್ಲೇನು, ಮಾತಾಡ್ಲಿ ಬಿಡು,” ಎಂದು ನಕ್ಕು ಹೊನ್ನೂರಸ್ವಾಮಿ ಆ ಸದ್ದನ್ನೆಲ್ಲ ಅಳಿಸಿ ಮೇಲೊಂದು ಹಾಡು ಹಾಕಿದ. ಕೆಳಗೆ ‘ಅಬ್ಬಾ ಜೋಡಿ ಸ್ಕೂಲ್ ರೈಡ್’ ಎಂದು ಬರೆದ.

ಮರುದಿನ ಮಧ್ಯಾಹ್ನಕ್ಕೆಲ್ಲ ಒಂಬತ್ತು ಸಾವಿರ ಜನ ನೋಡಿದ್ದರು.

ಶಾಲೆಯಲ್ಲಿ ಅಮೃತಾ ಓಡಿಬಂದಳು. “ಏ, ರೀಲ್‌ನಾಗ ಬೈಕ್ ಹೊಡೆಯೋದು ನಿಮ್ಮಪ್ಪನಾ? ನಮ್ಮಣ್ಣ ತೋರ್ಸಿದ!” ಎಂದಳು. ಅವಳ ಹಿಂದೆ ನಾಲ್ಕು ಜನ ಬಂದರು. “ಹೌದಾ? ಯಾವ ಬೈಕು? ಎಷ್ಟು ಸ್ಪೀಡು?” ತಮನ್ನಾ ಒಂದಕ್ಕೆ ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಅವರವರ ಬೆಂಚಿಗೆ ಹೋದರು. ತಮನ್ನಾ ತನ್ನ ಬೆಂಚಿಗೆ ಹೋದಳು. ಅದರ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಇತ್ತು. ಅಲ್ಲಿ ಅವಳು ಬ್ಯಾಗ್ ಇಟ್ಟಳು.

ಸಂಜೆ ಶೈಲಾಳಿಂದ ಉತ್ತರ ಬಂತು. ಒಂದು ಹಳದಿ ಹೆಬ್ಬೆರಳು. ಅದರ ಕೆಳಗೆ ಒಂದು ಪುಟ್ಟ ವಾಯ್ಸ್ ಮೆಸೇಜ್.

“ಚೊಲೊ ಐತಿ. ಆದ್ರ ಕರಿಯಕ್ಕನ ಮಂಡಕ್ಕಿ ಒಗ್ಗರಣಿ ಬಂಡಿ ಎಲ್ಲಿ? ಹಳ್ಳದ ಹತ್ರ ಬಾಗಿದ ಬೇವಿನ ಗಿಡ ಎಲ್ಲಿ? ಬರೇ ಟಾರ್ ಕಾಣ್ತೈತಿ. ಇಂಥ ರೋಡು ಇಲ್ಲೂ ಅದಾವಲೇ. ಮ್ಯಾಲ ಹಾಡು ಬ್ಯಾರೆ ಹಾಕೀ.”

ಹನ್ನೊಂದು ಸೆಕೆಂಡ್. ತಮನ್ನಾ ಅದನ್ನು ಆರು ಸಲ ಕೇಳಿದಳು. ಆರನೇ ಸಲವೂ ಅದರಲ್ಲಿ ಬೇರೇನೂ ಸಿಗಲಿಲ್ಲ.

ಗುರುವಾರ ಗ್ಯಾರೇಜಿಗೆ ಗವಿಸಿದ್ದೇಶ್ ಬಂದರು.

ಅವರದು ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಹೋದ ವಾರ ತಮ್ಮ ಬೈಕನ್ನು ಕ್ಲಚ್ ರಿಪೇರಿಗೆಂದು ಬಿಟ್ಟಿದ್ದರು. ಬಂದವರು ಸ್ಟೂಲಿನ ಮೇಲೆ ಕೂತು, ಬಹಳ ಮೆತ್ತಗೆ ಕೇಳಿದರು.

“ಏನಪ್ಪಾ ಅಸ್ಲಂ, ನಮ್ಮ ಗಾಡಿ ಹೆಂಗೈತಿ?”

ಅಬ್ಬಾ ಯಾವುದೋ ಸ್ಕೂಟರಿನ ಚಕ್ರದ ಪಕ್ಕ ಕೂತಿದ್ದರು. ತಲೆ ಎತ್ತಲಿಲ್ಲ. “ಹೇಳಿದ್ನಲ್ರಿ ಅಣ್ಣಾರ. ಕ್ಲಚ್ ಪ್ಲೇಟ್ ಹೊಸಪೇಟಿಯಿಂದ ಬರಬೇಕು. ಇನ್ನೊಂದೆರಡು ದಿನ.”

“ಪಾಪ. ಹಾಸಿಗಿ ಹಿಡಿದು ಮಲಗೈತಿ ಅನ್ನು.”

“ಹೌದ್ರಿ.”

“ಹಂಗಾದ್ರ ಇದು ಯಾರ ಗಾಡಿ?” ಗವಿಸಿದ್ದೇಶ್ ತಮ್ಮ ಫೋನನ್ನು ಅಬ್ಬಾನ ಮೂಗಿನ ಮುಂದೆ ಹಿಡಿದರು. ಹಾಡು ಶುರುವಾಯಿತು. “ಈ ಒಡೆದ ಮೀಟರ್ ಗ್ಲಾಸ್ ಯಾರದು? ಅದರ ಮ್ಯಾಲ ಹುಲಿ ಸ್ಟಿಕ್ಕರ್ ಅಂಟಿಸಿದ್ದು ನನ್ನ ಮೊಮ್ಮಗನೋ, ನಿನ್ನ ಮೊಮ್ಮಗನೋ? ಗಾಡಿ ಆಸ್ಪತ್ರ್ಯಾಗ ಐತಿ ಅಂತ ನಾ ಹೋದ ವಾರದಿಂದ ನಡಕೊಂಡು ಅಂಗಡಿಗೆ ಹೊಂಟೀನಿ. ಇಲ್ಲಿ ನೋಡಿದ್ರ ಹಾಡು ಹಾಕ್ಕೊಂಡು ಮದಿವಿಗೆ ಹೊಂಟಂಗ ಹೊಂಟೈತಿ!”

ಪಕ್ಕದ ಚಹಾದಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಬ್ಬಾ ನಗಲಿಲ್ಲ. ಎದ್ದು ನಿಂತು, ಗ್ರೀಸ್ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

ನಿಜ ಹೇಳಬೇಕೆಂದರೆ, ಮೆಕ್ಯಾನಿಕ್ ಮನೆಯ ಬೈಕು ಯಾವಾಗಲೂ ಬಿಚ್ಚಿಯೇ ಇರುತ್ತದೆ. ಅಬ್ಬಾನ ಬೈಕಿನ ಅರ್ಧ ಭಾಗ ಆ ವಾರ ಗೋಣಿತಟ್ಟಿನ ಮೇಲೆ ಹರಡಿತ್ತು. ಬೇರೆಯವರ ಗಾಡಿ ಮುಗಿಸುವ ಅವಸರದಲ್ಲಿ ತಮ್ಮದಕ್ಕೆ ಕೈ ಹಚ್ಚಲು ಆಗಿರಲಿಲ್ಲ.

“ತಪ್ಪಾತ್ರಿ ಅಣ್ಣಾರ,” ಎಂದರು ಅಬ್ಬಾ. “ಗಾಡಿ ಸೋಮವಾರನ ರೆಡಿ ಆಗಿತ್ತು. ನಂದು ಬಿಚ್ಚಿತ್ತು. ಮಗಳ್ನ ಸಾಲಿಗೆ ಬಿಡಬೇಕಿತ್ತು.”

“ಕೇಳಿದ್ರ ನಾ ಬ್ಯಾಡ ಅಂತಿದ್ನೇನೋ? ಒಂದು ಮಾತು ಕೇಳಬೇಕಿತ್ತೋ ಇಲ್ಲೋ? ಊರ ಮಂದಿ ಎಲ್ಲಾ ನೋಡ್ಯಾರ. ಗಾಡಿ ಧಣಿ ನಾನು, ಕಡೀಕ ನೋಡಿದೆ!” ಗವಿಸಿದ್ದೇಶ್ ಕೀಲಿ ಇಸಿದುಕೊಂಡರು. ಬೈಕಿನ ಮೇಲೆ ಕೂತು, ಕ್ಲಚ್ ಒಮ್ಮೆ ಹಿಡಿದು ಬಿಟ್ಟು ನೋಡಿದರು. ಕೆಲಸ ಚೆನ್ನಾಗಿತ್ತು ಅಂತ ಕಾಣುತ್ತದೆ, ದನಿ ಸ್ವಲ್ಪ ಇಳಿಯಿತು. “ಮೊದ್ಲು ಆ ವಿಡಿಯೊ ತೆಗಿಸು,” ಎಂದು ಹೇಳಿ ಹೊರಟುಹೋದರು.

ತಮನ್ನಾ ಗೋಡೆಗೆ ಒರಗಿ ನಿಂತಿದ್ದಳು. ಬೈಗುಳ ಬರುತ್ತದೆ ಎಂದು ಕಾದಳು. ಬರಲಿಲ್ಲ.

“ಹೊನ್ನೂರಸ್ವಾಮಿಗೆ ಹೇಳಿ ಅದನ್ನ ತೆಗಿಸಿಬಿಡು ಬೇಟಾ,” ಎಂದಷ್ಟೇ ಹೇಳಿ ಅಬ್ಬಾ ಗೋಣಿತಟ್ಟಿನ ಮುಂದೆ ಕೂತು ತಮ್ಮ ಬೈಕನ್ನು ಜೋಡಿಸತೊಡಗಿದರು.

ಆ ಸಂಜೆ ಅದೇ ಬೈಕಿನ ಮೇಲೆ ಇಬ್ಬರೂ ತಂಬ್ರಹಳ್ಳಿಗೆ ಹೋದರು. ಅಬ್ಬಾ ಮಾತಾಡಲಿಲ್ಲ. ಹಳ್ಳದ ಸೇತುವೆ ದಾಟಿದರು, ಮಾತಿಲ್ಲ. ಕರಿಯಕ್ಕ ಬಂಡಿ ಮುಚ್ಚುತ್ತಾ ಕೈ ಬೀಸಿದಳು, ಅಬ್ಬಾ ತಲೆ ಅಲ್ಲಾಡಿಸಿದರು, ಅಷ್ಟೇ. ಆ ವಟವಟ ಎಷ್ಟು ದೊಡ್ಡ ಸದ್ದಾಗಿತ್ತು ಎಂದು ತಮನ್ನಾಳಿಗೆ ಅದು ನಿಂತ ಮೇಲೆ ಗೊತ್ತಾಯಿತು. ಈಗ ಬರೀ ಗಾಳಿ. ಶುಕ್ರವಾರ ಬೆಳಿಗ್ಗೆಯೂ ಬರೀ ಗಾಳಿ.

ಶುಕ್ರವಾರ ಸಂಜೆ ಹೊನ್ನೂರಸ್ವಾಮಿ ಕಂಪ್ಯೂಟರ್ ಮುಂದೆ ತಲೆಗೆ ಕೈ ಹಚ್ಚಿ ಕೂತ.

“ಹದಿನಾಲ್ಕು ಸಾವಿರ ಆಗಿದ್ವಲ್ಲವ್ವ! ನನ್ನ ಮದಿವಿ ವಿಡಿಯೊಕ್ಕೂ ಇಷ್ಟು ಮಂದಿ ಬಂದಿಲ್ಲ.”

“ತೆಗೀರಿ ಅಣ್ಣಾ.”

ಅವನು ಒತ್ತಿದ. ಹದಿನಾಲ್ಕು ಸಾವಿರ ಮಂದಿ ಒಮ್ಮೆಲೇ ಎದ್ದುಹೋದರು.

“ಒರಿಜಿನಲ್ಲೂ ತೆಗಿತೀನಿ. ಭಾನುವಾರ ಕೂಡ್ಲಿಗ್ಯಾಗ ಮದಿವಿ ಐತಿ, ಜಾಗ ಬೇಕು.”

“ತಡೀರಿ!” ತಮನ್ನಾ ಎಷ್ಟು ಜೋರಾಗಿ ಕೂಗಿದಳೆಂದರೆ ಹೊನ್ನೂರಸ್ವಾಮಿಯ ಕೈ ಮೌಸಿನಿಂದ ಹಾರಿತು. ಅವಳು ಪಕ್ಕದ ಗ್ಯಾರೇಜಿಗೆ ಓಡಿದಳು.

“ಅಬ್ಬಾ, ಪೂರಾ ವಿಡಿಯೊ ಶೈಲಾಗ ಕಳಿಸ್ಲಾ? ಆಕಿ ಒಬ್ಬಾಕಿಗೇ. ಬ್ಯಾರೆ ಯಾರಿಗೂ ಇಲ್ಲ.”

ಅಬ್ಬಾ ನಟ್ಟು ಬಿಗಿಯುತ್ತಿದ್ದರು. ಅದನ್ನು ಪೂರ್ತಿ ಬಿಗಿದು ಹೇಳಿದರು. “ಕಳಿಸು.”

ತಮನ್ನಾ ಅಲ್ಲಿಂದಲೇ ಶೈಲಾಳಿಗೆ ಮೆಸೇಜ್ ಹಾಕಿದಳು. ನಿಮ್ಮ ಅಮ್ಮನ ಫೋನಿನಲ್ಲಿ ಎಷ್ಟು ಜಾಗ ಇದೆ? ಸ್ವಲ್ಪ ಹೊತ್ತಿಗೆ ಉತ್ತರ ಬಂತು. ‘ನೂರು ಎಂಬಿ ಅಷ್ಟೇ. ಹಳೇ ಫೋನ್.’

“ನೂರು ಎಂಬಿ!” ಹೊನ್ನೂರಸ್ವಾಮಿ ಮತ್ತೆ ಒಂದು ಸುತ್ತು ಸುತ್ತಿದ. “ಏಳು ಜಿಬಿನ ನೂರು ಎಂಬಿ ಮಾಡೋದು ಅಂದ್ರ ಆನಿನ ಟಿಫಿನ್ ಡಬ್ಬಿಯೊಳಗ ಹಾಕಿದಂಗ. ಕತ್ತರಿಸ್ಲ್ಯಾ?”

“ಬ್ಯಾಡ. ಪೂರಾ ಬೇಕು. ಅಡ್ಡನ ಇರ್ಲಿ. ಬಾಜುನೂ ಕತ್ತರಿಸಬ್ಯಾಡ್ರಿ.”

“ಹಂಗಾದ್ರ ಕೇಳು. ವಿಡಿಯೊ ಅಂದ್ರ ಶೇಂಗಾ ಇದ್ದಂಗ. ಫೋರ್‌ಕೆ ಅಂದ್ರ ಬಳ್ಳಿ, ಮಣ್ಣು ಸಮೇತ ಕಿತ್ತ ಶೇಂಗಾ. ಬಂಡಿ ತುಂಬತೈತಿ. ಏಳ್ನೂರಿಪ್ಪತ್ತು ಅಂದ್ರ ಬಳ್ಳಿ ಬಿಡಿಸಿದ್ದು. ನಾನೂರ ಎಂಬತ್ತು ಅಂದ್ರ ಸಿಪ್ಪಿ ಸುಲಿದಿದ್ದು. ಮುನ್ನೂರ ಅರವತ್ತು ಅಂದ್ರ...”

“ಶೇಂಗಾ ಚಟ್ನಿಪುಡಿ?”

“ಶಭಾಷ್! ರುಚಿ ಇರ್ತೈತಿ, ಕಾಳು ಕಾಣಂಗಿಲ್ಲ.” ಹೊನ್ನೂರಸ್ವಾಮಿಗೆ ಖುಷಿಯಾಯಿತು. “ಇನ್ನೊಂದು ಐತಿ. ನಿಮ್ಮ ಫೋನು ಹೊಸ ನಮೂನಿ ಫೈಲ್ ಮಾಡ್ತೈತಿ. ಹಳೇ ಫೋನಿಗೆ ಅದನ್ನ ಓದಾಕ ಬರಂಗಿಲ್ಲ. ಕರಿ ಪರದಿ, ಬರೇ ಸದ್ದು. ಅದಕ್ಕ ಹಳೇ ನಮೂನಿ ಎಂಪಿಫೋರ್ ಮಾಡೋಣು.”

ಕಂಪ್ಯೂಟರ್ ಗುಂಯ್‌ಗುಟ್ಟಿತು. ಮೊದಲ ಸಲ ನೂರಾ ಹನ್ನೆರಡು ಎಂಬಿ ಬಂತು.

“ಇನ್ನೂ ಹೆಚ್ಚೈತಿ. ಸೌಂಡ್ ತೆಗೆದುಬಿಟ್ರ ಬರೋಬ್ಬರಿ ಆಗ್ತೈತಿ. ಹೆಂಗೂ ನಿಮ್ಮಪ್ಪನ ವಟವಟ ತಾನ?”

ತಮನ್ನಾ ‘ತೆಗೀರಿ’ ಎನ್ನುವವಳಿದ್ದಳು. ಎರಡು ದಿನದಿಂದ ಬರೀ ಗಾಳಿಯಾಗಿದ್ದ ಬೈಕು ನೆನಪಾಯಿತು.

“ಸೌಂಡ್ ಇರ್ಲಿ ಅಣ್ಣಾ. ಚಿತ್ರನ ಇನ್ನೊಂಚೂರು ಮಬ್ಬು ಮಾಡ್ರಿ.”

“ಕರಿಯಕ್ಕ ಕರಿಯಕ್ಕನಂಗ ಕಾಣಂಗಿಲ್ಲ ನೋಡು ಮತ್ತ.”

“ಬಂಡಿ ಕಂಡ್ರ ಸಾಕು. ಅಲ್ಲಿ ನಿಂತಾಕಿ ಯಾರು ಅಂತ ಶೈಲಾಗ ಗೊತ್ತೈತಿ.”

ಎರಡನೇ ಸಲ ತೊಂಬತ್ತು ಎಂಬಿ. ಅವನು ಅದನ್ನು ಅಬ್ಬಾನ ಫೋನಿಗೆ ಹಾಕಿಕೊಟ್ಟ. ತಮನ್ನಾ ಕೂಡಲೇ ಕಳಿಸಿದಳು. ತಾನೇ ಒಮ್ಮೆ ನೋಡಬೇಕೆಂದು ಅವಳಿಗೆ ಅನಿಸಲಿಲ್ಲ. ದಿನಾ ನೋಡುವ ರಸ್ತೆ, ಅದರಲ್ಲೇನಿದೆ?

ಮೊದಲು ಒಂದು ಟಿಕ್ ಬಂತು. ಮನೆಗೆ ಹೋಗುವಷ್ಟರಲ್ಲಿ ಎರಡಾಯಿತು. ಶನಿವಾರ ಇಡೀ ದಿನ ಆ ಎರಡು ಟಿಕ್ ಬೂದಿ ಬಣ್ಣದಲ್ಲೇ ಇದ್ದವು. ಅಮ್ಮಿ ಫೋನ್ ಕೇಳಿದರೆ ಕೊಡುವ ಮೊದಲು ಒಮ್ಮೆ ನೋಡಿದಳು, ಇಸಿದುಕೊಂಡ ಮೇಲೆ ಒಮ್ಮೆ ನೋಡಿದಳು. ರಾತ್ರಿ ಅಬ್ಬಾ ಫೋನಿನಲ್ಲಿ ಅಲಾರಾಂ ಇಡುವಾಗ ಪಕ್ಕದಿಂದ ಇಣುಕಿದಳು. ಬೂದಿ.

ಭಾನುವಾರ ಬೆಳಿಗ್ಗೆ ನೀಲಿಯಾಯಿತು. ಮಧ್ಯಾಹ್ನ ಫೋನ್ ಬಂತು.

“ತಮನ್ನಾ! ನಿನ್ನಿ ಅಮ್ಮ ಫೋನ್ ಕೊಡಲಿಲ್ಲಲೇ. ಇವತ್ತು ಮುಂಜಾನಿಯಿಂದ ಎರಡು ಸಲ ನೋಡಿದೆ. ಎಲ್ಲಾ ಮಬ್ಬು ಮಬ್ಬು ಐತಿ, ಆದ್ರ ಎಲ್ಲಾ ಐತಿ! ಬೇವಿನ ಗಿಡ ಐತಿ. ಕರಿಯಕ್ಕನ ಬಂಡಿ ಐತಿ. ಆ ಕುಂಟ ನಾಯಿನೂ ಬರ್ತೈತಿ. ನೀನೂ ಅದೀ.”

“ನಾ ಎಲ್ಲಿ ಅದೀನಿ? ನಾ ಹಿಂದ ಕುಂತಿದ್ದೆ.”

“ಎಡಗಡಿ ಕನ್ನಡಿ ಸಡಿಲಾಗಿ ಒಳಗ ತಿರುಗೈತಲ್ಲ, ಅದರಾಗ. ಮೂಲ್ಯಾಗ ಸಣ್ಣಾಕಿ ಕಾಣ್ತಿ. ಹೊಲ ನೋಡ್ಕೋಂತ ಕುಂತೀ. ಚಾಚಾ ಅಷ್ಟು ಮಾತಾಡಿಸ್ತಾರ, ನೀ ಯಾಕ ಒಂದಕ್ಕೂ ಉತ್ರ ಕೊಟ್ಟಿಲ್ಲ?”

“ನನ್ನ ಎಲ್ಲಿ ಮಾತಾಡಿಸ್ತಾರ? ಅವ್ರು ಇಂಜಿನ್ ಜೋಡಿ ಮಾತಾಡ್ತಾರ.”

“ಹೌದಾ? ಇಂಜಿನ್ ಹೆಸರೂ ತಮನ್ನಾ ಅಂತ ಐತೇನು?”

ಅಷ್ಟರಲ್ಲಿ ಫೋನಿನ ಆಚೆ ಯಾರೋ ಹುಡುಗಿಯ ದನಿ ಕೇಳಿತು. “ಶೈಲಾ, ಬಾರಲೇ, ನಿನ್ನ ಪಾಳಿ!”

“ಬಂದೆ! ತಮನ್ನಾ, ಚೌಕಾಬಾರ ಆಡಾಕತ್ತೀವಿ, ಇಡ್ಲಾ? ಆಮ್ಯಾಲ ಮಾಡ್ತೀನಿ.”

“ಇಡು,” ಎಂದಳು ತಮನ್ನಾ.

ಮೂರು ನಿಮಿಷ ಎಂಟು ಸೆಕೆಂಡ್. ಆಮೇಲೆ ಎಂದರೆ ಇವತ್ತಲ್ಲ ಎಂದು ತಮನ್ನಾಳಿಗೆ ಗೊತ್ತಿತ್ತು. ಶೈಲಾ ಸುಳ್ಳು ಹೇಳಿದ್ದಲ್ಲ. ಅವಳಿಗೆ ಅಲ್ಲೊಂದು ಪಾಳಿ ಬಂದಿದೆ, ಅಷ್ಟೇ.

ಅವಳು ಫೋನ್ ಹಿಡಿದು ಮಾಳಿಗೆ ಹತ್ತಿದಳು. ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕ ಕೂತು, ಫೋನನ್ನು ಅಡ್ಡ ಹಿಡಿದು, ಮೊದಲ ಸಲ ಆ ವಿಡಿಯೊ ಹಚ್ಚಿದಳು.

ಫೋನು ಅಬ್ಬಾನ ಎದೆಯ ಮೇಲೇ ಇತ್ತಲ್ಲ, ಮಾತು ಹತ್ತಿರದಲ್ಲಿ, ಸ್ಪಷ್ಟವಾಗಿ ಕೇಳುತ್ತಿತ್ತು.

“ಚಳಿ ಹತ್ತೈತೇನು ತಮನ್ನಾ? ಸ್ವೆಟರ್ ಹಾಕ್ಕೊಂಡಿಯೋ ಇಲ್ಲೋ?”

ಮೂಲೆಯ ಕನ್ನಡಿಯಲ್ಲಿ ಅಬ್ಬಾನ ನೀಲಿ ಹೆಲ್ಮೆಟ್ ಈ ಕಡೆ ಹೊರಳಿತು. ಅದರ ಹಿಂದೆ ಒಂದು ಸಣ್ಣ ಮಬ್ಬು ಮುಖ. ಅದು ಜೋಳದ ಹೊಲದ ಕಡೆ ತಿರುಗಿತ್ತು. ಹೆಲ್ಮೆಟ್ ಸ್ವಲ್ಪ ಹೊತ್ತು ಕಾದು, ಮುಂದಕ್ಕೆ ತಿರುಗಿತು.

“ನೋಡಲ್ಲಿ, ಹಳ್ಳದಾಗ ಇನ್ನೂ ನೀರು ಅದಾವು.”

ಹೆಲ್ಮೆಟ್ ಹೊರಳಿತು. ಕಾಯಿತು. ತಿರುಗಿತು.

“ನಿಮ್ಮಮ್ಮಿ ಇವತ್ತು ಡಬ್ಬಿಗೆ ಏನು ಕಟ್ಟ್ಯಾಳ?”

ಗಾಳಿ.

ಕರಿಯಕ್ಕನ ಬಂಡಿ ಬಂತು, ಹೋಯಿತು. ಕುಂಟ ನಾಯಿ ಬಂತು, ಹೋಯಿತು. ಒಂದು ಹಂಪ್ ಬಂದು ಚಿತ್ರವೆಲ್ಲ ಎಗರಿತು. ಅದು ಮತ್ತೆ ನಿಂತಾಗ ಅಬ್ಬಾ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದರು.

“ಸಾಲ್ಯಾಗ ಈಗ ಯಾರ ಜೋಡಿ ಕುಂದರ್ತಿ?”

ಈ ಸಲ ಹೆಲ್ಮೆಟ್ ಕನ್ನಡಿಯ ಕಡೆ ಬಹಳ ಹೊತ್ತು ಇತ್ತು. ಎದುರಿನಿಂದ ಲಾರಿಯೊಂದು ಹಾರ್ನ್ ಹೊಡೆಯುವ ತನಕ ಇತ್ತು. ಕನ್ನಡಿಯೊಳಗಿನ ಹುಡುಗಿ ಹೊಲವನ್ನೇ ನೋಡುತ್ತಿದ್ದಳು.

“ಹೂಂ,” ಎಂದರು ಅಬ್ಬಾ, ತಮಗೆ ತಾವೇ. ಆಮೇಲೆ ಕ್ಲಚ್ಚಿನ ಬಗ್ಗೆ ಏನೋ ಹೇಳತೊಡಗಿದರು.

ತಮನ್ನಾ ವಿಡಿಯೊ ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಆ ಹಂಪಿನಿಂದ ಮತ್ತೊಮ್ಮೆ ನೋಡಿದಳು. ಕನ್ನಡಿಯೊಳಗಿನ ಹುಡುಗಿ ಈ ಸಲವೂ ತಿರುಗಲಿಲ್ಲ. ಕೆಳಗೆ ಅಂಗಳದಲ್ಲಿ ಅಬ್ಬಾ ಬೈಕ್ ತೊಳೆಯುತ್ತಿದ್ದರು. ಬಕೆಟ್ಟಿನ ನೀರು ಸುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸೋಮವಾರ ಬೆಳಿಗ್ಗೆ ಹೊರಡುವಾಗ ಆಗಲೇ ತಡವಾಗಿತ್ತು. ಅಬ್ಬಾ ಕಿಕ್ ಹೊಡೆದರು. ತಮನ್ನಾ ಹತ್ತಿ ಕೂತಳು. ಊರು ದಾಟಿತು. ಹಳ್ಳದ ಸೇತುವೆ ದಾಟಿತು. ಅಬ್ಬಾ ಮಾತಾಡಲಿಲ್ಲ.

ತಮನ್ನಾ ಸೀಟಿನ ಮೇಲೆ ಮುಂದಕ್ಕೆ ಜರುಗಿ, ಅಬ್ಬಾನ ಭುಜ ಹಿಡಿದು, ಹೆಲ್ಮೆಟ್ಟಿನ ಹತ್ತಿರ ಬಾಯಿ ತಂದಳು.

“ಒಬ್ಬಾಕೇ ಕುಂದರ್ತೀನಿ ಅಬ್ಬಾ.”

“ಆಂ? ಏನಂದಿ?”

“ಸಾಲ್ಯಾಗ. ಬೆಂಚಿನ ಮ್ಯಾಲ. ನೀವು ಕೇಳಿದ್ರಲ್ಲ, ಅವತ್ತು. ಒಬ್ಬಾಕೇ ಕುಂದರ್ತೀನಿ.”

ಅಬ್ಬಾನ ಬಲಗೈ ಆಕ್ಸಿಲರೇಟರ್ ಮೇಲೆ ಸಡಿಲವಾಯಿತು. ಮೀಟರಿನ ಮುಳ್ಳು ಮೂವತ್ತಕ್ಕೆ ಇಳಿಯಿತು, ಇಪ್ಪತ್ತಕ್ಕೆ ಇಳಿಯಿತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಅಬ್ಬಾ ರಸ್ತೆಯ ಅಂಚಿಗೆ ಸರಿದು, ಮುಂದೆ ಹೋಗು ಎಂದು ಅದಕ್ಕೆ ಕೈ ಮಾಡಿದರು. ಬಸ್ಸು ಧೂಳೆಬ್ಬಿಸಿ ಹೋಯಿತು. ಧೂಳು ಇಳಿದ ಮೇಲೂ ಬೈಕು ಜೋರಾಗಲಿಲ್ಲ. ಗಾಳಿಯ ಸದ್ದೇ ಇಲ್ಲದಷ್ಟು ಮೆಲ್ಲಗೆ, ಅಂಚಿನಲ್ಲೇ ಸಾಗಿತು.